ಪ್ರತಿ ಐದನೆಯ ಈರುಳ್ಳಿ

ಏಪ್ರಿಲ್ 7, ಸೋಮವಾರ

ಮೂವತ್ತೆರಡು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ ಮೇಲೆ ನನಗೆ ಸಿಕ್ಕ ಬಹುಮಾನ ಇದು: ಮೂರು ಜನ ಹೊಸ ಉಪನ್ಯಾಸಕರಿಗೆ ಪಾಠ ಮಾಡುವುದು ಹೇಗೆಂದು ಕಲಿಸಬೇಕು. ಅದೂ ಬೇಸಿಗೆ ರಜೆಯಲ್ಲಿ, ದಿನಾ ಕುಮಟೆಯಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಬೆವರುತ್ತ ಹೋಗಿ. ಅಲ್ಲಿನ ವಿಶ್ವವಿದ್ಯಾಲಯ ಕೇಂದ್ರದ ನಿರ್ದೇಶಕ ವೆಂಕಟ ನಾಯ್ಕರು ಫೋನಿನಲ್ಲಿ, "ಶಾಂಭವಿ ಮೇಡಂ, ನಿಮ್ಮಷ್ಟು ಅನುಭವ ಯಾರಿಗುಂಟು?" ಎಂದರು. ಇದೇ ಅನುಭವವನ್ನು ಮೂರು ಸಲ ಬದಿಗೆ ಸರಿಸಿ ಬೇರೆಯವರನ್ನು ಮುಖ್ಯಸ್ಥರನ್ನಾಗಿ ಮಾಡಿದಾಗ ಇವರ ಸಹಿಯೂ ಆ ಕಾಗದದಲ್ಲಿತ್ತು. ಆದರೂ ಒಪ್ಪಿದೆ. ನವೆಂಬರಿಗೆ ನನ್ನ ನಿವೃತ್ತಿ. ಆಮೇಲೆ ಈ ತರಬೇತಿ ವಿಭಾಗವನ್ನು ನನಗೇ ವಹಿಸುವ ಮಾತು ಆಡಿದ್ದಾರೆ.

ಮೂವರಲ್ಲಿ ಇಬ್ಬರಿಗಷ್ಟೇ ಕೆಲಸ ಕಾಯಂ. ಯಾರಿಗೆಂಬುದು ಆರು ವಾರದ ಕೊನೆಗೆ ನಾನು ಕೊಡುವ ವರದಿಯ ಮೇಲೆ ತೀರ್ಮಾನ. ಇದನ್ನು ಇಂದೇ ಅವರ ಮುಖಕ್ಕೆ ಹೇಳಿಬಿಟ್ಟೆ. ಮೊದಲೇ ತಿಳಿದಿದ್ದರೆ ಬಾಲ ಬಿಚ್ಚುವುದಿಲ್ಲ.

ಸ್ಮೃತಿ ಹೊನ್ನಾವರದ ಆಚೆ ತೋಟದ ಮನೆಯ ಹುಡುಗಿ, ನಮ್ಮ ಕಡೆಯವಳು, ಚಿನ್ನದ ಪದಕದವಳು. ಇರ್ಶಾದ್ ಭಟ್ಕಳದವನು. ಮಾತು ಕಡಿಮೆ, ಹಲಗೆಯ ಮೇಲೆ ಗೆರೆ ಎಳೆಯುವಾಗಲೂ ಅಳತೆಪಟ್ಟಿ ಇಡುತ್ತಾನೆ. ಮೂರನೆಯವನು ಸಂಜಯ, ಕುಮಟೆ ಹತ್ತಿರದ ಹೊಳನಗದ್ದೆಯವನು, ಮನೆಯಲ್ಲಿ ಭತ್ತ ಮತ್ತು ತರಕಾರಿ ಬೇಸಾಯ. ಅಂಗಿಯ ತೋಳು ಮಡಚಿಕೊಂಡು ಬಂದಿದ್ದ. ನನ್ನ ನೋಟ್ಸಿನ ಪ್ರತಿ ಕೊಟ್ಟಾಗ ಸ್ಮೃತಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ಆ ಹುಡುಗ ನಿಂತಲ್ಲೇ ಪುಟ ತಿರುವಿ, "ಮೇಡಂ, ಇದ್ರಲ್ಲಿ ನಮ್ಮ ಬದಿ ಲೆಕ್ಕ ಒಂದೂ ಇಲ್ವಲ್ಲ. ಸೇಬು, ಉಕ್ಕಿನ ಕಾರ್ಖಾನೆ, ಲಂಡನ್ನಿನ ಮಳೆ..." ಎಂದ.

ಮೊದಲ ದಿನ, ಮೊದಲ ಗಂಟೆ! ಮೈಯೆಲ್ಲ ಉರಿಯಿತು. "ಮೊದಲು ಇದನ್ನು ಬಾಯಿಪಾಠ ಮಾಡು, ಆಮೇಲೆ ಲಂಡನ್ನಿನ ಮಳೆ ನಿಲ್ಲಿಸುವೆಯಂತೆ" ಎಂದು ಕೂರಿಸಿದೆ.

ಏಪ್ರಿಲ್ 10, ಗುರುವಾರ

ಅಭ್ಯಾಸದ ಪಾಠಗಳು ಶುರು. ಇದಕ್ಕೆಂದೇ ಮೊದಲ ವರ್ಷದ ನಲವತ್ತು ವಿದ್ಯಾರ್ಥಿಗಳನ್ನು ರಜೆಯಲ್ಲಿ ಕರೆಸಿದ್ದಾರೆ. ಮೂವರೂ ಸರದಿಯಲ್ಲಿ ಪಾಠ ಮಾಡುವುದು, ನಾನು ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕುವುದು.

ಸಂಜಯನಿಗೆ ಕೊಟ್ಟದ್ದು ಸರಾಸರಿ. ವ್ಯಾಖ್ಯೆ ಬರೆಸಬೇಕು, ಸೂತ್ರ ಬರೆಸಬೇಕು, ಮೂರು ಲೆಕ್ಕ ಬಿಡಿಸಬೇಕು. ಇಪ್ಪತ್ತು ನಿಮಿಷದ ಕೆಲಸ. ಅವನು ಹಲಗೆಯ ಹತ್ತಿರವೂ ಹೋಗದೆ, "ಬೆಳಕೆ ಊರಿಂದ ಬರುವವ್ರು ಎಷ್ಟು ಜನ? ಬೆಳಿಗ್ಗೆ ಬಸ್ಸು ಎಷ್ಟು ಹೊತ್ತು ಕಾಯ್ತ್ರಿ?" ಎಂದು ಶುರು ಮಾಡಿದ. ಒಬ್ಬ ಐದು ನಿಮಿಷ ಎಂದ, ಒಬ್ಬಳು ಹತ್ತು ಎಂದಳು, ಇನ್ನೊಬ್ಬ "ನಂದು ನಿನ್ನೆ ಬರ್ಲೇ ಇಲ್ಲ ಸರ್" ಎಂದ. ತರಗತಿಯಿಡೀ ನಗು. "ಬರದೇ ಇದ್ದ ಬಸ್ಸನ್ನು ಸರಾಸರಿಯಲ್ಲಿ ಎಂತ ಮಾಡುದು?" ಎಂದು ಇವನೂ ನಗುತ್ತ ಕೇಳಿದ. ಅರ್ಧ ಗಂಟೆ ಇದೇ ಜಗಳ. ಒಂದು ವ್ಯಾಖ್ಯೆ ಬರೆಸಲಿಲ್ಲ. ಅದೂ ಮೀನುಪೇಟೆಯಲ್ಲಿ ಆಡುವ ಭಾಷೆಯಲ್ಲಿ!

ಹತ್ತಕ್ಕೆ ಮೂರು ಅಂಕ ಹಾಕಿದೆ. ಮೂರೂ ಹೆಚ್ಚಾಯಿತು.

ಏಪ್ರಿಲ್ 17, ಗುರುವಾರ

ಊಟಕ್ಕೆ ಕೂತಾಗಲೂ ಅವನನ್ನೇ ಬೈಯುತ್ತಿದ್ದೆನಂತೆ. ಇವರು ಮಜ್ಜಿಗೆ ಬಡಿಸಿಕೊಳ್ಳುತ್ತ, "ಆ ಮಾಣಿ ನಿಂಗೆ ಎಂತ ಮಾಡಿದ್ನೇ ಮಾರಾಯ್ತಿ? ದಿನಾ ಅವಂದೇ ಸುದ್ದಿ" ಎಂದರು.

"ನಿಮಗೆ ಗೊತ್ತಾಗ್ತಿಲ್ಲೆ, ಸುಮ್ನಿರಿ" ಎಂದೆ.

"ಗೊತ್ತಾಗ್ತು. ಮಕ್ಕೊ ಅವನ ಪಾಠಕ್ಕೆ ನಗ್ತ, ನಿನ್ನ ಪಾಠಕ್ಕೆ ಆಕಳಿಸ್ತ. ಅಷ್ಟೇ ಇದ್ದು."

ನಮ್ಮ ಯಜಮಾನರು ಕಮಲಾಕರ ಹೆಗಡೆಯವರು ತಾಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಸರಿಸಿದವರು. ಪಾಠದ ವಿಷಯ ಇವರಿಂದ ಕೇಳಬೇಕಾಗಿದೆ ನಾನು. ಮಾತು ಬಿಟ್ಟಿದ್ದೇನೆ.

ಏಪ್ರಿಲ್ 24, ಗುರುವಾರ

ಸ್ಮೃತಿ ಇಂದು ಚೆನ್ನಾಗಿ ಮಾಡಿದಳು. ನನ್ನ ನೋಟ್ಸಿನ ಹನ್ನೆರಡನೆಯ ಪುಟ, ಮಾನಕ ವಿಚಲನೆ, ಅಲ್ಪವಿರಾಮ ಸಹ ತಪ್ಪದೆ. ಕವಿತಾ ಎಂಬ ವಿದ್ಯಾರ್ಥಿನಿ ಎದ್ದು, "ಮೇಡಂ, ಇಪ್ಪತ್ತು ಮಂದಿಯ ಲೆಕ್ಕ ಇದ್ರೆ ಹತ್ತೊಂಬತ್ತರಿಂದ ಭಾಗಿಸುದು ಎಂತಕ್ಕೆ? ಒಬ್ಬ ಎಲ್ಲಿಗೆ ಹೋದ?" ಎಂದು ಕೇಳಿದಳು. ಈ ಹುಡುಗಿಯ ಬಾಯಿ ಸ್ವಲ್ಪ ಜಾಸ್ತಿ. ಸ್ಮೃತಿ ಕಾಗದ ನೋಡಿ, "ಸೂತ್ರ ಹಾಗೇ ಇದೆ" ಎಂದಳು. ಸರಿಯಾದ ಉತ್ತರ. ಒಂಬತ್ತು ಅಂಕ.

ಬಿಡುವಿನಲ್ಲಿ ಆ ಕವಿತಾ, ಜೊತೆಗೆ ಏಳೆಂಟು ಜನ, ಸಂಜಯನ ಸುತ್ತ ನಿಂತು ಅದೇ ಪ್ರಶ್ನೆ ಕೇಳುತ್ತಿದ್ದರು. ಅವನು ಪೆನ್ನು, ಚಾವಿ, ಬಸ್ ಟಿಕೆಟ್ ಎಲ್ಲ ಮೇಜಿನ ಮೇಲೆ ಹರಡಿಕೊಂಡು ಏನೋ ಹೇಳುತ್ತಿದ್ದ. ನಾನು ಹತ್ತಿರ ಹೋದ ಕೂಡಲೇ ಎಲ್ಲರೂ ಚದುರಿದರು. ಮೂವತ್ತೆರಡು ವರ್ಷದಲ್ಲಿ ಬಿಡುವಿನ ವೇಳೆ ನನ್ನ ಮೇಜಿಗೆ ಬಂದ ವಿದ್ಯಾರ್ಥಿಗಳನ್ನು ಎಣಿಸಲು ಎರಡು ಕೈ ಬೇಕಿಲ್ಲ. ಹೊಟ್ಟೆಕಿಚ್ಚು ಎನ್ನುತ್ತಾರೆ ಇದಕ್ಕೆ, ಗೊತ್ತು. ಇರಲಿ. ನಾನು ಅಲ್ಲಿ ಇರುವುದು ಯಾರಿಗೂ ಇಷ್ಟವಾಗಲು ಅಲ್ಲ.

ಏಪ್ರಿಲ್ 29, ಮಂಗಳವಾರ

ಸೆಕೆ. ಕರೆಂಟು ಇಲ್ಲ. ಅವನು ಮತ್ತೆ ನಗಿಸಿದ.

ಮೇ 5, ಸೋಮವಾರ

ನಾಳೆ ನನ್ನ ಪ್ರದರ್ಶನ ಪಾಠ. ಪಾಠವೆಂದರೆ ಹೇಗಿರಬೇಕೆಂದು ಮೂವರಿಗೂ ತೋರಿಸುವುದು. ನಿರ್ದೇಶಕರೂ ಬಂದು ಕೂರುತ್ತಾರೆ.

"ನಮ್ಮ ಬದಿ ಲೆಕ್ಕ ಇಲ್ಲ" ಎಂದವನ ಬಾಯಿ ಮುಚ್ಚಿಸಲೆಂದೇ ಈರುಳ್ಳಿ ಆರಿಸಿದ್ದೇನೆ. ಹೆದ್ದಾರಿಯ ಬದಿ ಗೂಡಂಗಡಿಗಳಲ್ಲಿ ನೇತುಹಾಕುತ್ತಾರಲ್ಲ, ಕುಮಟೆಯ ಸಿಹಿ ಈರುಳ್ಳಿಯ ಗೊಂಚಲು, ಅದು. ಅರವತ್ತು ಈರುಳ್ಳಿ ಹೆಣೆದ ಒಂದು ದೊಡ್ಡ ಗೊಂಚಲು ತರಿಸಿದೆ. ಪ್ರತಿ ಐದನೆಯದನ್ನು ಮಾತ್ರ ಕಿತ್ತು ತೂಗುವುದು, ಆ ಹನ್ನೆರಡರಿಂದಲೇ ಇಡೀ ಗೊಂಚಲಿನ ಸರಾಸರಿ ತೂಕ ಹೇಳುವುದು. ಆಮೇಲೆ ಅರವತ್ತನ್ನೂ ತೂಗಿ, ನೋಡಿ, ಸ್ಯಾಂಪಲ್ ಎಂದರೆ ಇದು, ಎನ್ನುವುದು.

ಸಂಜೆ ಬಾಗಿಲು ಹಾಕುವಾಗ ಸಂಜಯ ಬಂದ. "ಮೇಡಂ, ಒಂದ್ ಮಾತು. ನಾಳೆ ಐದೈದಕ್ಕೆ ತೆಗಿಬೇಡಿ. ನೀರುಳ್ಳಿ ಗೊಂಚಲು ಕಟ್ಟುದು ಹೆಂಗೆ ಅಂದ್ರೆ..."

"ನಿನ್ನನ್ನು ಕೇಳಿದೆನಾ?"

"ಕೇಳ್ಲಿಲ್ಲ. ಆದ್ರೂ..."

"ನೀನು ಹುಟ್ಟುವ ಮೊದಲಿಂದ ಸ್ಯಾಂಪಲ್ ತೆಗೆಯುವುದು ಕಲಿಸುತ್ತಿದ್ದೇನೆ. ಎಲ್ಲದರಲ್ಲೂ ಮೂಗು ತೂರಿಸಬೇಡ. ಹೋಗು."

ಅವನು ಒಂದು ಕ್ಷಣ ಗೊಂಚಲನ್ನೇ ನೋಡಿ, "ಆತು ಮೇಡಂ" ಎಂದು ಹೋದ. ಆ 'ಆತು' ಎಂದ ಧಾಟಿಯೇ ನನಗೆ ಹಿಡಿಸಲಿಲ್ಲ.

ಮೇ 6, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗೊಂಚಲನ್ನು ಹಲಗೆಯ ಮೊಳೆಗೆ ನೇತುಹಾಕಿದೆ. ಎದುರಿಗೆ ಕಂಡದ್ದನ್ನು ಮೊದಲನೆಯದೆಂದು ಹಿಡಿದು, ಅಲ್ಲಿಂದ ಐದೈದಕ್ಕೆ ಒಂದರಂತೆ ಹನ್ನೆರಡು ಕಿತ್ತು ಮನೆಯಿಂದ ತಂದ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದೆ. ಸರಾಸರಿ 140 ಗ್ರಾಂ. ಹಲಗೆಯ ಮೇಲೆ ದೊಡ್ಡದಾಗಿ ಬರೆದು ಚೌಕ ಹಾಕಿದೆ. ನಿರ್ದೇಶಕರು ತಲೆಯಾಡಿಸಿದರು.

ಆಮೇಲೆ ಬೇಕೆಂದೇ ಸಂಜಯನನ್ನು ಕರೆದೆ. ಗೊಂಚಲು ಬಿಚ್ಚಿ ಅರವತ್ತನ್ನೂ ತೂಗು, ಕವಿತಾ ಬರೆದುಕೊಳ್ಳಲಿ ಎಂದೆ. ಅವನು ತಟ್ಟೆ ಇಟ್ಟು ಹತ್ತತ್ತರಂತೆ ತೂಗಿದ. ಒಟ್ಟು 4,800 ಗ್ರಾಂ. ಕವಿತಾ ಭಾಗಿಸಿದಳು. ಎಂಬತ್ತು.

ನನ್ನ ನೂರನಲವತ್ತರ ಪಕ್ಕದಲ್ಲಿ ಅವಳ ಎಂಬತ್ತು. ಹಿಂದೆ ಯಾರೋ ಕಿಸಕ್ಕೆಂದರು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸಂಜಯ, ಖಾಲಿ ತಟ್ಟೆ ಇಟ್ಟಮೇಲೆ ತಕ್ಕಡಿಯನ್ನು ಸೊನ್ನೆಗೆ ತಂದಿದ್ದೆಯಾ?" ಎಂದೆ.

"ತಂದಿದ್ದೆ ಮೇಡಂ."

"ತಂದಿಲ್ಲ. ನಾನು ನೋಡುತ್ತಲೇ ಇದ್ದೆ. ಇಷ್ಟು ಜನರ ಪಾಠ ಹಾಳು ಮಾಡಿದೆ."

ನಲವತ್ತು ಮುಖ ಅವನ ಕಡೆ ತಿರುಗಿದವು. ಅವನು ನನ್ನನ್ನು ನೋಡಿದ. ಈರುಳ್ಳಿಗಳನ್ನೆಲ್ಲ ಚೀಲಕ್ಕೆ ತುಂಬಿ, ಚೀಲವನ್ನು ಮೇಜಿನ ಕಾಲಿಗೆ ಒರಗಿಸಿಟ್ಟು, ಹೋಗಿ ಕೂತ. ನಿರ್ದೇಶಕರು ಎಲ್ಲರಿಗೂ ಕೇಳುವಂತೆ, "ತಕ್ಕಡಿ ಹಿಡೀಲಿಕ್ಕೆ ಬಾರದವ ಸಂಖ್ಯಾಶಾಸ್ತ್ರ ಕಲಿಸ್ತಾನಂತೆ" ಎಂದರು. ಈ ಸಲ ತರಗತಿ ಅವನಿಗೆ ನಕ್ಕಿತು.

ನಾನು ನೋಡುತ್ತಿದ್ದೆನೋ, ಹಲಗೆಯ ಕಡೆ ತಿರುಗಿದ್ದೆನೋ, ಅದು ಬೇರೆ ವಿಷಯ. ಅವನು ಸೊನ್ನೆಗೆ ತಂದಿರಲಾರ. ಇಲ್ಲದಿದ್ದರೆ ಎಂಬತ್ತು ಹೇಗೆ ಬರುತ್ತದೆ?

ಮೇ 7, ಬುಧವಾರ

ಇರ್ಶಾದ್ ಎಂದೂ ನನ್ನ ಕೋಣೆಗೆ ಬಂದವನಲ್ಲ. ಇಂದು ಬಂದು ಬಾಗಿಲಲ್ಲೇ ನಿಂತ.

"ಮೇಡಂ, ತಟ್ಟೆ ತೂಕ ಸೇರಿದ್ರೆ ಸರಾಸರಿ ಜಾಸ್ತಿ ಬರ್ಬೇಕಿತ್ತು. ಕಮ್ಮಿ ಬಂದದ್ದು ಹೇಗೆ?"

ನನಗೆ ಸಿಟ್ಟು ಬಂತು. "ನಿನ್ನ ವರದಿ ಬರೆಯುವವಳೂ ನಾನೇ. ಮರೆತಿದ್ದೀಯಾ?"

"ಮರ್ತಿಲ್ಲ. ನಿನ್ನೆ ಅಲ್ಲೇ ಕೇಳ್ಬೇಕಿತ್ತು. ವರದಿ ನೆನಪಾಗಿ ಸುಮ್ಮನೆ ಕೂತೆ. ಮನೆಗೆ ಹೋದ್ಮೇಲೆ ನಂಗೆ ನಾಚಿಕೆ ಆಯ್ತು ಮೇಡಂ, ಅದನ್ನ ಹೇಳ್ಲಿಕ್ಕೆ ಬಂದೆ."

ಹೇಳಿ ಹೋದ. ಇವನೂ ಅವನ ಜೊತೆ ಸೇರಿ ಕೆಟ್ಟಿದ್ದಾನೆ.

ಮೇ 9, ಶುಕ್ರವಾರ

ವರದಿ ಕೊಟ್ಟೆ. ಒಂದು ವಾರ ಮೊದಲೇ. ಸ್ಮೃತಿ ಮೊದಲು, ಇರ್ಶಾದ್ ಎರಡನೆಯವನು. ಸಂಜಯನ ಎದುರು ಬರೆದದ್ದು: "ಅಜಾಗರೂಕ. ಬೋಧನೆಗೆ ಯೋಗ್ಯನಲ್ಲ."

ಮನಸ್ಸು ಹಗುರಾಯಿತು. ಸೆಕೆಗೋ ಏನೋ ಊಟ ಸೇರಲಿಲ್ಲ.

ಮೇ 11, ಭಾನುವಾರ

ಬೆಳಿಗ್ಗೆ ಇವರಿಗೆ ಸ್ಕೂಟರ್ ತೆಗೆಯಲು ಹೇಳಿದೆ. ಮಾತು ಬಿಟ್ಟದ್ದು ನೆನಪಿರಲಿಲ್ಲ. ಇವರು ಎಲ್ಲಿಗೆ ಎಂದೂ ಕೇಳದೆ ತೆಗೆದರು. ಹಂದಿಗೋಣದ ಹತ್ತಿರ ಹೆದ್ದಾರಿಯ ಬದಿ ಈರುಳ್ಳಿ ಅಂಗಡಿಗಳ ಸಾಲಿದೆ. ಮೊದಲನೆಯದರಲ್ಲೇ ಇಳಿದೆ. ಮಧ್ಯವಯಸ್ಸಿನ ಹೆಂಗಸೊಬ್ಬಳು ಕಾಲು ಚಾಚಿ ಕೂತು ಗೊಂಚಲು ಕಟ್ಟುತ್ತಿದ್ದಳು. ಹೆಸರು ಹೊನ್ನಿ ಅಂತೆ. ನಾನು ನಿಂತು ನೋಡತೊಡಗಿದೆ.

"ಎಂತ ಬೇಕು ಅಮ್ಮಾ? ತಕಂಬುದಾ, ಬರೀ ನೋಡುದಾ?" ಎಂದಳು.

"ಕಟ್ಟುವುದು ಹೇಗೆ ನೋಡುತ್ತಿದ್ದೇನೆ."

"ಇದ್ರಲ್ಲಿ ಎಂತ ಉಂಟು ನೋಡುಕೆ? ಒಂದೊಂದ್ ಸುತ್ತಲ್ಲಿ ಐದು. ಮೊಕಕ್ಕೆ ಒಂದ್ ದೊಡ್ಡದು, ಹಿಂದೆ ನಾಕು ಸಣ್ಣದು. ಅದ್ರ ಮೇಲೆ ಮತ್ತೆ ಒಂದ್ ದೊಡ್ಡದು, ನಾಕು ಸಣ್ಣದು. ಹಂಗೆ ಕಟ್ಟಿದ್ರೆ ದಾರಿ ಮೇಲೆ ಹೋಗೋರಿಗೆ ಬರೀ ದೊಡ್ಡದೇ ಕಾಣ್ತದೆ, ಗಾಡಿ ನಿಲ್ಲಸ್ತ್ರು." ನಕ್ಕಳು. "ಈ ಬದಿ ಸಣ್ಣ ಮಕ್ಳಿಗೂ ಗೊತ್ತು ಇದು. ನಿಮ್ಮನೇಲಿ ನೀರುಳ್ಳಿ ಬಿಚ್ಚುದಿಲ್ವಾ?"

ಬಿಚ್ಚಿಲ್ಲ. ಅತ್ತೆ ಇರುವವರೆಗೆ ನಮ್ಮ ಮನೆಯ ಮೆಟ್ಟಿಲನ್ನು ಈರುಳ್ಳಿ ಹತ್ತಿದ್ದಿಲ್ಲ. ಅವರು ಹೋದ ಮೇಲೆ ಬಂದದ್ದೂ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ, ಚೀಲದಲ್ಲಿ. ಐವತ್ತೊಂಬತ್ತು ವರ್ಷ ಈ ದಾರಿಯಲ್ಲಿ ಓಡಾಡಿ, ಈ ಗೊಂಚಲುಗಳನ್ನು ಎಡಬಲಕ್ಕೆ ನೋಡಿಯೂ, ಒಂದನ್ನು ಬಿಚ್ಚಿದವಳಲ್ಲ.

ಅವಳ ಕೈಯಲ್ಲಿದ್ದದ್ದನ್ನು ತಿರುಗಿಸಿ ಎಣಿಸಿದೆ. ಒಂದು ದೊಡ್ಡದು, ನಾಲ್ಕು ಸಣ್ಣದು. ಮತ್ತೆ ಒಂದು, ಮತ್ತೆ ನಾಲ್ಕು. ಎದುರಿಗೆ ಕಂಡದ್ದರಿಂದ ಶುರು ಮಾಡಿದರೆ ಪ್ರತಿ ಐದನೆಯದೂ ದೊಡ್ಡದೇ. ಹಿಂದಿನದರಿಂದ ಶುರು ಮಾಡಿದ್ದರೆ ಎಲ್ಲವೂ ಸಣ್ಣದೇ ಸಿಗುತ್ತಿತ್ತು. ಅದೂ ತಪ್ಪೇ. "ವಸ್ತುಗಳು ಒಂದೇ ಕ್ರಮದಲ್ಲಿ ಮರುಕಳಿಸುವಲ್ಲಿ ಈ ವಿಧಾನ ಬಳಸಬಾರದು." ನನ್ನ ನೋಟ್ಸಿನ ಮೂವತ್ತನಾಲ್ಕನೆಯ ಪುಟ, ನಾಲ್ಕನೆಯ ಅಂಶ. ಮೂವತ್ತೆರಡು ಸಲ ಬರೆಸಿದ್ದೇನೆ.

ಹಾಗಾದರೆ ಅವನು ಮೊದಲೇ ಹೇಳಬೇಕಿತ್ತು. ಹೇಳಲೇ ಬಂದಿದ್ದ. ಗಟ್ಟಿಯಾಗಿ ಹೇಳಬೇಕಿತ್ತು.

ಒಂದು ಗೊಂಚಲು ತಂದೆ. ಅಡುಗೆಮನೆಯ ಮೊಳೆಗೆ ನೇತುಹಾಕಿದ್ದೇನೆ. ಒಂದನ್ನೂ ಕೀಳಲು ಮನಸ್ಸಾಗುತ್ತಿಲ್ಲ.

ಮೇ 13, ಮಂಗಳವಾರ

ಇಂದು ನಾನೇ ಪಾಠ ಮಾಡಬೇಕಿತ್ತು, ನೋಟ್ಸು ಮನೆಯಲ್ಲೇ ಮರೆತು ಹೋಗಿದ್ದೆ. ಇಂಥದ್ದು ಎಂದೂ ಆದದ್ದಿಲ್ಲ. ತರಗತಿಯಲ್ಲಿ ಏನೂ ತೋಚದೆ, ಭಟ್ಕಳದಲ್ಲಿ ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿನಲ್ಲಿ ಪೇಟೆಗೆ ಬಂದವರನ್ನು ಎಣಿಸಿ, ಇಡೀ ವಾರವೂ ಇಷ್ಟೇ ಜನ ಬರುತ್ತಾರೆ ಎಂದರೆ ಒಪ್ಪುತ್ತೀರಾ ಎಂದು ಕೇಳಿದೆ. ಗಲಾಟೆಯೋ ಗಲಾಟೆ. ಭಟ್ಕಳದ ಹುಡುಗಿಯೊಬ್ಬಳು ಹಲಗೆಗೆ ಬಂದು ಏಳು ದಿನದ ಚಿತ್ರವನ್ನೇ ಬರೆದಳು. ಗಂಟೆ ಹೊಡೆದದ್ದು ಗೊತ್ತಾಗಲಿಲ್ಲ. ಒಂದು ವ್ಯಾಖ್ಯೆಯನ್ನೂ ಬರೆಸಲಿಲ್ಲ. ದಿನ ವ್ಯರ್ಥವಾಯಿತು.

ಸಂಜಯ ಕೊನೆಯ ಬೆಂಚಿನಲ್ಲಿ ಕೂತಿದ್ದ. ಬಿಡುವಿನಲ್ಲಿ ಈಗ ಅವನ ಹತ್ತಿರ ಯಾರೂ ಹೋಗುವುದಿಲ್ಲ. ಅವನು ಹಾದುಹೋಗುವಾಗ ಒಬ್ಬ, "ಸೊನ್ನೆ ಸರ್ ಬಂದ್ರು" ಎಂದದ್ದು ನನಗೂ ಕೇಳಿತು. ಅವನಿಗೆ ಕೇಳದೆ ಇರುತ್ತದೆಯೇ?

ಮೇ 15, ಗುರುವಾರ

ನಿರ್ದೇಶಕರ ಮುಂದೆ ಕಾಗದ ಇಟ್ಟೆ. ಮೇ 6ರ ಪಾಠದಲ್ಲಿ ತಪ್ಪು ನನ್ನದು, ಸಂಜಯ ತೂಗಿದ್ದು ಸರಿ, ನಾನು ಹೇಳಿದ್ದು ನಿಜವಲ್ಲ, ಆದ್ದರಿಂದ ನನ್ನ ವರದಿಯನ್ನು ಹಿಂದಕ್ಕೆ ಪಡೆದು ಹೊಸದನ್ನು ಕೊಡುತ್ತಿದ್ದೇನೆ. ಹೊಸದರಲ್ಲಿ ಮೊದಲ ಹೆಸರು ಸಂಜಯ, ಎರಡನೆಯದು ಇರ್ಶಾದ್.

ಅವರು ಎರಡು ಸಲ ಓದಿದರು. "ಎಂತ ಮೇಡಂ ಇದು? ಯಾರು ಕೇಳಿದ್ರು ನಿಮ್ಮನ್ನ? ಒಂದು ನೀರುಳ್ಳಿಗೆ..."

"ನೀರುಳ್ಳಿಗಲ್ಲ."

"ಇದು ಕಡತಕ್ಕೆ ಹೋದ್ರೆ ಮುಂದಿನ ವರ್ಷ ತರಬೇತಿಗೆ ನಿಮ್ಮನ್ನೇ ಕರೀಬೇಕು ಹೇಳಿ ನಾನು ಯಾವ ಬಾಯಲ್ಲಿ ಹೇಳ್ಲಿ? ಸುಮ್ನೆ ಹರಿದು ಹಾಕಿ. ನಾನು ನೋಡ್ಲಿಲ್ಲ ಹೇಳಿ ಇಟ್ಕಳ್ಳಿ."

ಹರಿಯಲಿಲ್ಲ. ಸ್ವೀಕರಿಸಿದ್ದಕ್ಕೆ ಮುದ್ರೆ ಹಾಕಿಸಿಕೊಂಡೇ ಎದ್ದೆ. ನನ್ನ ಎಂಟು ವರ್ಷದ ಆಸೆ, ಆ ತರಬೇತಿ ವಿಭಾಗ, ಆ ಮುದ್ರೆಯ ಸದ್ದಿಗೆ ಮುಗಿಯಿತು. ಬಸ್ಸಿನಲ್ಲಿ ಅಳು ಬಂತು. ಸಂಜಯನ ಮೇಲೆ, ವೆಂಕಟ ನಾಯ್ಕರ ಮೇಲೆ, ಆ ಹೊನ್ನಿಯ ಮೇಲೂ ಸಿಟ್ಟು ಬಂತು.

ಮೇ 16, ಶುಕ್ರವಾರ

ಸ್ಮೃತಿಗೆ ನಾನೇ ಹೇಳಬೇಕಾಯಿತು. ಈ ಸಲ ಇಲ್ಲ, ಇನ್ನೊಂದು ಅವಧಿ ತರಬೇತಿ ಎಂದೆ. ತರಗತಿಯಲ್ಲಿ ಅಚ್ಚುಕಟ್ಟು ಭಾಷೆ ಆಡುವವಳು ಮನೆಮಾತಿಗೆ ಇಳಿದಳು.

"ನೀವೇ ಹೇಳಿದ್ದಲ್ದಾ ಮೇಡಂ, ನೋಟ್ಸ್ ಬಿಟ್ಟು ಆಚೆ ಹೋಗಡ ಹೇಳಿ? ಆನು ಒಂದಕ್ಷರ ಬದಲು ಮಾಡಿದ್ನಿಲ್ಲೆ. ಒಂಬತ್ತು ಕೊಟ್ಟವ್ವೂ ನೀವೇ."

"ಹೌದು" ಎಂದೆ.

"ಹಂಗಾರೆ ಎನ್ನ ತಪ್ಪು ಎಂತದು?"

ಅವಳು ನೋಟ್ಸಿನ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಇಟ್ಟದ್ದು ಎನ್ನುವುದಕ್ಕಿಂತ ಎಸೆದದ್ದು ಎನ್ನಬೇಕು. ಎತ್ತಿ ನೋಡಿದೆ. ಪುಟಪುಟವೂ ಮೂರು ಬಣ್ಣದಲ್ಲಿ ಗೆರೆ ಹಾಕಿ ಓದಿದ್ದಳು ಪಾಪ.

ಮೇ 19, ಸೋಮವಾರ

ಸಂಜಯ, ಇರ್ಶಾದ್ ಇಬ್ಬರಿಗೂ ಇಂದು ಆದೇಶ ಬಂತು. ಸಂಜೆ ಹೊನ್ನಾವರ ಬಸ್ ನಿಲ್ದಾಣದಲ್ಲಿ ಸಂಜಯ ನನ್ನನ್ನು ನೋಡಿ ಎದುರಿಗೆ ಬಂದ. ಕೈಯಲ್ಲಿ ಆದೇಶದ ಲಕೋಟೆ. ಕೃತಜ್ಞತೆ ಹೇಳುತ್ತಾನೆ, ಬಹುಶಃ ಕಾಲಿಗೂ ಬೀಳುತ್ತಾನೆ ಎಂದುಕೊಂಡು, ಬೇಡಪ್ಪ ಎನ್ನಲು ತಯಾರಾಗಿ ನಿಂತಿದ್ದೆ.

"ಕಾಗದ ಸರಿ ಮಾಡಿದ್ರಿ ಹೇಳಿ ಗೊತ್ತಾಯ್ತು ಮೇಡಂ. ಆ ನಲವತ್ತು ಮಂದಿಗೆ ಹೇಳಿದ್ರಾ?"

"ಅವರಿಗೆ ಯಾಕೆ? ಕೆಲಸ ಸಿಕ್ಕಿತಲ್ಲ ನಿನಗೆ?"

"ಸಿಕ್ತು. ನಾಳೆಂದ ನಾನು ನಿಂತ್ಕಂಬುದು ಅವ್ರ ಎದುರಿಗೆ. ಬೆಳಿಗ್ಗೆ ನೋಡಿದ್ರೆ ಹಲಗೆ ತುಂಬ ಸೊನ್ನೆ ಬರ್ದಿಟ್ಟಿದ್ರು. ಸುಳ್ಳು ಹೇಳಿದ್ದು ಅವ್ರ ಮುಂದೆ, ನಿಜ ಹೇಳಿದ್ದು ಬೀರುವಿನ ಒಳಗೆ. ಇದ್ನ ಇಟ್ಕಂಡು ನಾನು ಪಾಠ ಮಾಡುದು ಹೆಂಗೆ, ನೀವೇ ಹೇಳಿ."

ಅವನ ದನಿ ಏರಿತ್ತು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಕುಮಟೆಯ ಬಸ್ಸು ಬಂತು. ನಾವಿಬ್ಬರೂ ಹೋಗಬೇಕಾದದ್ದು ಅದರಲ್ಲೇ. ನಾನು ಹತ್ತಿದೆ, ಅವನು ಹತ್ತಲಿಲ್ಲ.

ಎಷ್ಟು ಸೊಕ್ಕು! ನನ್ನದೆಲ್ಲ ಕಳೆದುಕೊಂಡು ಇವನಿಗೆ ಕೊಟ್ಟ ಮೇಲೂ! ಮನೆಗೆ ಬಂದು ಇವರಿಗೆ ಹೇಳಿದೆ, ಬೈದೆ, ಪಾತ್ರೆ ಕುಕ್ಕಿದೆ. ಇವರು ಎಲ್ಲ ಕೇಳಿ, "ಹೇಳಿದ್ಯಾ ಮತ್ತೆ ಮಕ್ಕೊಗೆ?" ಎಂದು ಕೇಳಿದರು. ಅವನು ಕೇಳಿದ್ದೇ ಪ್ರಶ್ನೆ.

ಮೇ 20, ಮಂಗಳವಾರ

ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಹತ್ತು ಗಂಟೆಗೆ ತರಗತಿ ತುಂಬಿತ್ತು. ಸಂಜಯ ಸರ್ ಬಾಗಿಲ ಹತ್ತಿರ ಹಾಜರಿ ಪುಸ್ತಕ ಹಿಡಿದು ನಿಂತಿದ್ದರು. ಎರಡು ನಿಮಿಷ ಕೊಡಿ ಎಂದು ಕೇಳಿ ಒಳಗೆ ಹೋದೆ. ಎಲ್ಲರೂ ಎದ್ದು ನಿಂತರು, ಕೂರಲು ಹೇಳಿದೆ.

"ಮೇ 6ಕ್ಕೆ ತಕ್ಕಡಿ ಸರಿಯಾಗಿತ್ತು. ಸರ್ ಅದನ್ನು ಸೊನ್ನೆಗೆ ತಂದಿದ್ದರು. ಎಂಬತ್ತು ಗ್ರಾಂ ಎಂಬುದೇ ಸರಿ. ನನ್ನ ನೂರನಲವತ್ತು ತಪ್ಪು. ನಾನು ನೋಡುತ್ತಿದ್ದೆ ಎಂದದ್ದು ಸುಳ್ಳು. ನೀವೆಲ್ಲ ನಗುತ್ತೀರೆಂದು ಹೆದರಿ ಹೇಳಿದ ಸುಳ್ಳು."

ಕವಿತಾಳೇ ಎದ್ದಳು, ಇನ್ಯಾರು?

"ಹಂಗಾರೆ ತಪ್ಪಾದದ್ದು ಎಲ್ಲಿ ಮೇಡಂ? ಐದೈದಕ್ಕೆ ತೆಗೆಯುದು ಪುಸ್ತಕದಲ್ಲೂ ಇದೆಯಲ್ಲ?"

ಉತ್ತರ ನನಗೆ ಗೊತ್ತಿತ್ತು. ಪುಟ, ಅಂಶ ಸಮೇತ ಗೊತ್ತಿತ್ತು. ಸುಣ್ಣದ ಕಡ್ಡಿಯೂ ನನ್ನ ಕೈಯಲ್ಲೇ ಇತ್ತು. "ಅದನ್ನು ಸರ್ ಹೇಳುತ್ತಾರೆ" ಎಂದು ಕಡ್ಡಿಯನ್ನು ಅವರ ಕೈಗೆ ಕೊಟ್ಟೆ. ಅವರು ತೆಗೆದುಕೊಂಡರು, ನನ್ನ ಮುಖ ನೋಡಲಿಲ್ಲ. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಇರ್ಶಾದನ ಪಕ್ಕ ಕೂತೆ. ಅವನು ಸ್ವಲ್ಪ ಸರಿದು ಜಾಗ ಮಾಡಿದ.

ಅವರು ಹಲಗೆಯ ಮೇಲೆ ಏನೂ ಬರೆಯಲಿಲ್ಲ. ತರಗತಿಯ ಕಡೆ ತಿರುಗಿ ಕೇಳಿದರು: "ಮನೇಲಿ ನೀರುಳ್ಳಿ ಗೊಂಚಲು ಕಟ್ಟುವವ್ರು, ಕಟ್ಟುದು ನೋಡಿದವ್ರು ಎಷ್ಟು ಮಂದಿ ಇದ್ದೀರಿ? ಕೈ ಎತ್ತಿ."

ಮೊದಲು ಒಂದು ಕೈ ಎದ್ದಿತು. ಆಮೇಲೆ ಅದರ ಪಕ್ಕದ್ದು. ಕವಿತಾ ಅಕ್ಕಪಕ್ಕ ನೋಡಿ ತಾನೂ ಎತ್ತಿದಳು. ನಾನು ಹಿಂದಿನಿಂದ ಎಣಿಸಿದೆ. ನಲವತ್ತರಲ್ಲಿ ಹನ್ನೊಂದು.

"ಮತ್ತೆ ಆ ದಿವಸ ಯಾರೂ ಎಂತಕ್ಕೆ ಹೇಳ್ಲಿಲ್ಲ?"

ಹನ್ನೊಂದು ಕೈಗಳೂ ಒಂದೊಂದಾಗಿ ಕೆಳಗಿಳಿದವು. ಹನ್ನೊಂದು ಮಂದಿಯೂ ತಿರುಗಿ ನಾನು ಕೂತಿದ್ದ ಕೊನೆಯ ಬೆಂಚಿನ ಕಡೆ ನೋಡಿದರು.